ಇನ್ನೂರು ಡಿಗ್ರಿಯ ಧೈರ್ಯ, ನಲವತ್ತು ಡಿಗ್ರಿಯ ಭಯ

ಮೈಯೊಳಗೆ ಔಷಧಿ ಹೊತ್ತೊಯ್ದು, ಕೆಲಸ ಮುಗಿದ ಮೇಲೆ ತಾವೇ ಕರಗಿಹೋಗೋ ಪಾಲಿಮರ್ ಕಣಗಳ ಬಗ್ಗೆ ಓದೋದು ನನಗೊಂದು ಹುಚ್ಚು. ಆದ್ರೆ ಅಂಥ ಸಂಶೋಧನಾ ಪ್ರಬಂಧಗಳಲ್ಲಿ ಆಗಾಗ ಕಾಣೋ ಒಂದು ಮಾತಿನ ಮೇಲೆ ನನ್ನ ತಕರಾರಿದೆ. "ಈ ನ್ಯಾನೋಕಣಗಳು ಶಾಖಕ್ಕೆ ಜಗ್ಗುವುದಿಲ್ಲ." ಯಾವ ಶಾಖಕ್ಕೆ ಸ್ವಾಮಿ?

ಹೆಚ್ಚಾಗಿ ಬಳಸೋ ವಸ್ತು ಪಿಎಲ್‌ಜಿಎ. ಲ್ಯಾಕ್ಟಿಕ್ ಆಮ್ಲ (ಮೊಸರಿನ ಹುಳಿಯಲ್ಲಿರೋದೇ!) ಮತ್ತು ಗ್ಲೈಕೋಲಿಕ್ ಆಮ್ಲಗಳನ್ನ ಪೋಣಿಸಿದ ಉದ್ದನೆಯ ಸರ ಇದು. ಇದೇನೂ ಹೊಸದಲ್ಲ. 1989ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲುಪ್ರಾನ್ ಡಿಪೋ ಅನ್ನೋ ಪ್ರಾಸ್ಟೇಟ್ ಕ್ಯಾನ್ಸರಿನ ಇಂಜೆಕ್ಷನ್‌ನಲ್ಲಿ ಇದರ ಮೈಕ್ರೋ ಗಾತ್ರದ ಕಣಗಳಿವೆ. ನ್ಯಾನೋಕಣ ಅಂದ್ರೆ ಅದಕ್ಕಿಂತ ಎಷ್ಟೋ ಚಿಕ್ಕದು, ಸುಮಾರು 200 ನ್ಯಾನೋಮೀಟರ್.

ಶಾಖದ ಪರೀಕ್ಷೆ ಹೇಗೆ ಮಾಡ್ತಾರೆ ಗೊತ್ತಾ? ಒಣಗಿದ ಪುಡಿಯನ್ನ ನೈಟ್ರೋಜನ್‌ನಲ್ಲಿಟ್ಟು ಬಿಸಿ ಮಾಡ್ತಾ ಹೋಗಿ, ತೂಕ ಯಾವಾಗ ಇಳಿಯುತ್ತೆ ಅಂತ ನೋಡ್ತಾರೆ. ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ ದಾಟೋವರೆಗೂ ತೂಕ ಹೆಚ್ಚುಕಮ್ಮಿ ಹಾಗೇ ಇರುತ್ತೆ. ಎಲ್ಲರೂ ಖುಷಿ!

ಪರೀಕ್ಷೆ ತಪ್ಪಲ್ಲ, ಅದಕ್ಕೂ ಉಪಯೋಗ ಇದೆ. ಆದ್ರೆ ಅದು ಕೇಳೋ ಪ್ರಶ್ನೆ ಬೇರೆ. ಹೂವಿನ ಹಾರದ ದಾರವನ್ನ ನಾಲ್ಕು ಕಡೆ ಕತ್ತರಿಸಿ ತಕ್ಕಡಿಗೆ ಹಾಕಿ, ತೂಕ ಅಷ್ಟೇ ಇರುತ್ತೆ. ಹಾರ ಮಾತ್ರ ಉಳಿದಿರಲ್ಲ. ಪಿಎಲ್‌ಜಿಎ ಕಥೆಯೂ ಇದೇ. ತೇವ ಸಿಕ್ಕರೆ ನೀರು ಸರದ ಕೊಂಡಿಗಳನ್ನ ಒಂದೊಂದಾಗಿ ಬಿಡಿಸುತ್ತೆ. ಬಿಸಿ ಜಾಸ್ತಿ ಆದಷ್ಟೂ ಬೇಗ. ಬಿಟ್ಟುಕೊಂಡ ತುದಿಗಳು ಆಮ್ಲವಾದ್ದರಿಂದ ಮುಂದಿನ ಕೊಂಡಿ ಇನ್ನೂ ಬೇಗ ಬಿಡುತ್ತೆ. ಮೈಯೊಳಗೆ ಕರಗೋಕೆ ಕಾರಣವಾದ ಗುಣವೇ ಅಂಗಡಿಯ ಕಪಾಟಿನಲ್ಲಿ ಶತ್ರು.

ಇನ್ನೊಂದು ವಿಷಯ. ಒಣಗಿದ್ದಾಗ ಈ ವಸ್ತು 45-55 ಡಿಗ್ರಿ ಆಸುಪಾಸಿನಲ್ಲಿ ಗಾಜಿನ ಗಡಸುತನ ಬಿಟ್ಟು ಮೆತ್ತಗಾಗುತ್ತೆ. ತೇವ ಹೀರಿದರೆ ಅದಕ್ಕಿಂತ ಕೆಳಗೇ. ಬೆಲ್ಲದ ಥರ ನೋಡಿ, ಒಲೆ ಮೇಲಿಟ್ಟರಷ್ಟೇ ಅಲ್ಲ, ಮಳೆಗಾಲದ ಡಬ್ಬಿಯಲ್ಲೂ ಜಿನುಗುತ್ತೆ. ಮೆತ್ತಗಾದ ನ್ಯಾನೋಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗ್ತವೆ. 20 ಮೈಕ್ರಾನ್ ಕಣಕ್ಕಿಂತ 200 ನ್ಯಾನೋಮೀಟರ್ ಕಣಗಳಿಗೆ ಅದೇ ತೂಕಕ್ಕೆ ನೂರು ಪಟ್ಟು ಮೇಲ್ಮೈ, ಅಂಟಿಕೊಳ್ಳೋಕೆ ಅಷ್ಟು ಜಾಗ. ಗಂಟಾದ ಮೇಲೆ ಅದು ನ್ಯಾನೋನೂ ಅಲ್ಲ, ರಕ್ತನಾಳಕ್ಕೆ ಕೊಡೋಕೆ ಯೋಗ್ಯವೂ ಅಲ್ಲ. 121 ಡಿಗ್ರಿ ಹಬೆಯಲ್ಲಿ ಆಟೋಕ್ಲೇವ್ ಮಾಡೋದಂತೂ ದೂರದ ಮಾತು.

ಹಾಗಾಗಿ ನನ್ನ ವಾದ ಇಷ್ಟೇ. ಚಿಕಿತ್ಸೆಗೆ ಅಂತ ಮಾಡೋ ಕಣಗಳಿಗೆ 200 ಡಿಗ್ರಿಯ ಗ್ರಾಫ್ ಒಂದೇ ಸಾಲದು. ಔಷಧಿಗಳಿಗೆ 40 ಡಿಗ್ರಿ, 75% ತೇವಾಂಶದಲ್ಲಿ ಆರು ತಿಂಗಳ ಪರೀಕ್ಷೆ ಹೇಗೂ ರೂಢಿಯಲ್ಲಿದೆ. ಫ್ರಿಜ್ಜಿನಲ್ಲೇ ಇಡಬೇಕಾದ್ದಾದ್ರೆ, ಫ್ರಿಜ್ಜಿನಿಂದ ಹೊರಬಿದ್ದರೆ ಏನಾಗುತ್ತೆ ಅನ್ನೋದನ್ನಾದ್ರೂ ಹೇಳಲಿ. ಮೊದಲು-ಆಮೇಲೆ ಸರದ ಉದ್ದ ಎಷ್ಟು, ಕಣದ ಗಾತ್ರ ಎಷ್ಟು, ಔಷಧಿ ಎಷ್ಟು ಸೋರಿತು, ಇವನ್ನೂ ಮೊದಲ ಪ್ರಬಂಧದಲ್ಲೇ ತೋರಿಸಲಿ. ಕಡಿಮೆ ಅಂಕ ಬಂದರೂ ಪರವಾಗಿಲ್ಲ, ಸಕ್ಕರೆ ಬೆರೆಸಿ ಫ್ರೀಜ್ ಡ್ರೈ ಮಾಡೋದು, ತೇವ ಹೋಗದ ಪ್ಯಾಕಿಂಗ್ ಅಂತ ದಾರಿಗಳಿವೆ.

ರಾಯಚೂರು, ಕಲಬುರಗಿಯಲ್ಲಿ ಬೇಸಿಗೆ 40 ದಾಟುತ್ತೆ. ಕರೆಂಟ್ ಹೋದಾಗ ಮೆಡಿಕಲ್ ಶಾಪಿನ ಫ್ರಿಜ್ಜೂ ಬೆಚ್ಚಗಾಗುತ್ತೆ. ಸೀಸೆ ಒಳಗಿನ ಬಿಳಿ ಪುಡಿ ನೋಡೋಕೆ ಹಾಗೇ ಇರಬಹುದು. ಒಳಗಿನ ದಾರ ತುಂಡಾಗಿದೆಯಾ ಅಂತ ರೋಗಿಗೆ ಹೇಗೆ ಗೊತ್ತಾಗಬೇಕು?

ನೀವೇನಂತೀರಿ?