ಹಳದಿ ಎಲೆಯ ಬೆನ್ನು

ಕನ್ನಡನಾಡಿನ ಮನೆಗಳಲ್ಲಿ ಬೇಸಗೆಯ ಪಾನಕಕ್ಕೆ ಕಾಮಕಸ್ತೂರಿಯ ಬೀಜವನ್ನು ನೆನೆಸಿ ಹಾಕುವ ರೂಢಿಯುಂಟು. ಇಟಲಿಯ ಜಿನೋವಾ ನಗರದ ಗೃಹಿಣಿಗೆ ಬೇಕಾದುದು ಅದೇ ಗಿಡದ ಎಲೆ. ಬೆಳ್ಳುಳ್ಳಿ, ಪೈನ್ ಬೀಜ, ಚೀಸ್, ಆಲಿವ್ ಎಣ್ಣೆಗಳೊಡನೆ ಅದನ್ನು ಅರೆದರೆ ‘ಪೆಸ್ಟೊ’ ಎಂಬ ಹಸಿರು ಚಟ್ನಿ ಸಿದ್ಧವಾಗುತ್ತದೆ. ಈ ಎಲೆಗಾಗಿಯೇ ನಗರದ ಅಂಚಿನ ಪ್ರಾ ಎಂಬಲ್ಲಿ ಗಾಜಿನ ಮನೆಗಳು ಎದ್ದಿವೆ.

ಗಾಜಿನ ಮನೆ ಎಳೆಯ ಗಿಡಕ್ಕೆ ತಾಯಿಯ ಮಡಿಲಿನಂತೆ. ಚಳಿಯಾಗಲಿ ಬಿರುಗಾಳಿಯಾಗಲಿ ಅಲ್ಲಿ ಸೋಕದು. ಆದರೆ ಗಿಡವನ್ನು ಪೋಷಿಸುವ ಆ ಬೆಚ್ಚನೆಯ ತೇವವೇ ಗಿಡದ ಶತ್ರುವನ್ನೂ ಪೋಷಿಸುತ್ತದೆ. 1930ರ ದಶಕದಲ್ಲಿ ಉಗಾಂಡದಲ್ಲಿ ಕಂಡಿದ್ದ ಬೂಜು ತುಪ್ಪಟ ರೋಗವು 2001ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, 2003ರಲ್ಲಿ ಇಟಲಿಯಲ್ಲಿ, 2007ರಲ್ಲಿ ಅಮೆರಿಕದ ಫ್ಲಾರಿಡದಲ್ಲಿ ಕಾಣಿಸಿಕೊಂಡಿತು. ಬೀಜದೊಡನೆಯೂ ಗಾಳಿಯೊಡನೆಯೂ ಪಯಣಿಸಬಲ್ಲ ರೋಗವಿದು.

ಇದರ ಮೊದಲ ಚಿಹ್ನೆ ಎಲೆ ಹಳದಿಗೆ ತಿರುಗುವುದು. ಬೆಳೆಗಾರನು ಅದನ್ನು ಗೊಬ್ಬರದ ಕೊರತೆಯೆಂದು ಬಗೆದು ಇನ್ನಷ್ಟು ಗೊಬ್ಬರ, ಇನ್ನಷ್ಟು ನೀರು ಕೊಡುತ್ತಾನೆ. ಹಸಿವಿಗೆಂದು ಬಡಿಸಿದ ಊಟ ರೋಗಕ್ಕೆ ಔತಣವಾಗುತ್ತದೆ. ಕೆಲವೇ ದಿನಗಳಲ್ಲಿ ಇಡೀ ಪಾತಿ ಮಾರಲು ಬಾರದಂತೆ ಕೆಡುತ್ತದೆ. ಈ ತಪ್ಪನ್ನು ತಪ್ಪಿಸಲು ಎಲೆಯನ್ನೊಮ್ಮೆ ಮಗುಚಿ ನೋಡಿದರೆ ಸಾಕು. ಹಳದಿಯು ನರಗಳ ನಡುವೆ ಅಂಕಣ ಹಾಕಿದಂತಿದ್ದು, ಬೆನ್ನಿನಲ್ಲಿ ಬೂದು ಮಿಶ್ರಿತ ನೇರಳೆ ಬಣ್ಣದ ಧೂಳಿದ್ದರೆ ಅದು ರೋಗವೇ ಸರಿ. ಸಂಶಯವುಳಿದರೆ ಆ ಎಲೆಯನ್ನು ಒದ್ದೆ ಬಟ್ಟೆಯೊಡನೆ ಚೀಲದಲ್ಲಿಟ್ಟು ಒಂದು ರಾತ್ರಿ ಕತ್ತಲೆಯಲ್ಲಿರಿಸಬೇಕು. ರೋಗವಿದ್ದರೆ ಬೆಳಗಾಗುವಷ್ಟರಲ್ಲಿ ಧೂಳು ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ.

ಆ ಧೂಳೇ ರೋಗದ ಬಿತ್ತನೆ. ಅದು ಹುಟ್ಟಲು ಕತ್ತಲೆಯೂ ತೇವವೂ ಒಟ್ಟಿಗೆ ಬೇಕು. ಚಿಕಿತ್ಸೆಯ ಗುಟ್ಟು ಇರುವುದೂ ಇಲ್ಲಿಯೇ. ನೀರನ್ನು ಬೆಳಗಿನ ಹೊತ್ತು ಬುಡಕ್ಕೆ ಮಾತ್ರ ಉಣಿಸಬೇಕು. ಗಿಡಗಳ ನಡುವೆ ಗಾಳಿಯಾಡಲು ಎಡೆಯಿರಬೇಕು. ಸಂಜೆ ಕಿಟಕಿ ತೆರೆದು, ಬೀಸಣಿಗೆ ತಿರುಗಿಸಿ ಒಳಗಿನ ಆವಿಯನ್ನು ಹೊರದೂಡಬೇಕು. ರಾತ್ರಿ ದೀಪ ಉರಿಸಿದರೂ ಧೂಳು ಹುಟ್ಟುವುದು ತಗ್ಗುತ್ತದೆಂದು ಇಸ್ರೇಲಿನ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾನಿಲಯದವರು ರೋಗಕ್ಕೆ ಸುಲಭವಾಗಿ ಮಣಿಯದ ತಳಿಗಳನ್ನೂ ಹೊರತಂದಿದ್ದಾರೆ. ರೋಗ ತಗಲಿದ ಗಿಡವನ್ನು ಮಾತ್ರ ಮರುಕವಿಲ್ಲದೆ ಕಿತ್ತು, ಚೀಲದಲ್ಲಿ ಕಟ್ಟಿ ಸಾಗಿಸಬೇಕು. ಹಸಿಯಾಗಿಯೇ ತಿನ್ನುವ ಎಲೆಗೆ ಕಂಡ ಕಂಡ ಔಷಧ ಸಿಂಪಡಿಸುವುದು ತರವಲ್ಲ.

ಬಾಲ್ಕನಿಯ ಕುಂಡದಲ್ಲಿ ಒಂದೇ ಗಿಡ ಸಾಕುವವರಿಗೂ ಈ ಪಾಠ ಸಲ್ಲುತ್ತದೆ. ಬಾಡಿದ ಮುಖ ಕಂಡೊಡನೆ ತಟ್ಟೆ ತುಂಬ ಬಡಿಸುವುದು ಮಮತೆಯೇನೋ ಹೌದು; ಆದರೆ ಬಡಿಸುವ ಮೊದಲು ಮೈ ಮುಟ್ಟಿ ನೋಡುವುದು ವಿವೇಕ.