ಎರಡು ಲಘುವಿನ ನಾಡಿ

"ನಾಡಿ 72 ಇರ್ಬೇಕಲ್ವೇನೇ? ಇದಕ್ಕೆ 140 ಅಂತಾರಲ್ಲ!" ಮಕ್ಕಳ ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ ಅಜ್ಜಿಯೊಬ್ಬರು ಮಗಳ ಕಿವಿಯಲ್ಲಿ ಅಂದರು. ಮಡಿಲಲ್ಲಿ ಎರಡು ತಿಂಗಳ ಕೂಸು. ಈ 72ರ ಮೇಲೆ ನನಗೆ ಹಳೆಯ ಸಿಟ್ಟು. ಯಾರೋ ದೊಡ್ಡವರ ಸರಾಸರಿ, ನಮ್ಮ ಮನೆಗಳಲ್ಲಿ ಕಾನೂನಾಗಿ ಕೂತಿದೆ.

ವಯಸ್ಸಿಗೆ ತಕ್ಕ ನಾಡಿ ಎಂಬುದನ್ನು ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ವೈದ್ಯ ಹೆರೋಫಿಲಸ್ ಬಲ್ಲ. ಜ್ವರ ನೋಡಲು ಪುಟ್ಟ ಜಲಗಡಿಯಾರ ಒಯ್ದು, ರೋಗಿಯ ವಯಸ್ಸಿಗೆ ಅದನ್ನು ಹೊಂದಿಸಿಕೊಳ್ಳುತ್ತಿದ್ದನಂತೆ. ಮುಂದಿನದು ಓದಿ ನನ್ನ ಛಂದಸ್ಸಿನ ಹುಚ್ಚು ಕಂಡವರು ನಗಬಹುದು: ಆತ ನಾಡಿಗೆ ಪ್ರಸ್ತಾರ ಹಾಕಿದ! ರಕ್ತನಾಳ ಉಬ್ಬುವ ಹೊತ್ತು ಒಂದಕ್ಷರ, ಇಳಿಯುವ ಹೊತ್ತು ಇನ್ನೊಂದು. ಹಸುಳೆಗೆ ಎರಡೂ ಲಘು. ಬೆಳೆಯುವ ಮಕ್ಕಳಿಗೆ ಗುರು-ಲಘು, ಪ್ರಾಯದವರಿಗೆ ಎರಡು ಗುರು, ಮುಪ್ಪಿನಲ್ಲಿ ಲಘು-ಗುರು. ಅತಿ ಸೂಕ್ಷ್ಮವಾದ್ದರಿಂದಲೇ ಈ ವಿದ್ಯೆಯನ್ನು ಜನ ಕೈಬಿಟ್ಟರೆಂದು ರೋಮಿನ ಬರಹಗಾರ ಪ್ಲಿನಿ ಬರೆದ. ನಮ್ಮ ಆಯುರ್ವೇದದ ಶಾರ್ಙ್ಗಧರನೂ ನಾಡಿಯಲ್ಲಿ ಹಾವು, ಕಪ್ಪೆ, ಹಂಸಗಳ ನಡಿಗೆ ಕಂಡವನೇ. ಲೆಕ್ಕದ ಗೊಡವೆಗೆ ಹೋಗಲಿಲ್ಲ. ನಿಮಿಷದ ಗಡಿಯಾರ ಹಿಡಿದು ನಾಡಿ ಎಣಿಸುವುದನ್ನು 1707ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ಬರೆದಿಟ್ಟ ಮೇಲೆ ಅಂಕಿಯದೇ ರಾಜ್ಯಭಾರ.

ಅಂಕಿಯನ್ನೇ ಹಿಡಿದರೂ, ತಿಂಗಳ ಕೂಸಿಗೆ 145ರ ಆಸುಪಾಸು ಮಾಮೂಲು. ಎರಡು ವರ್ಷಕ್ಕೆ 113ರ ಹತ್ತಿರ ಇಳಿಯುತ್ತದೆ. ಪುಟ್ಟ ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತವನ್ನು ಹೆಚ್ಚಿಸಿಕೊಳ್ಳುವುದು ಕಷ್ಟ. ದೇಹ ಹೆಚ್ಚು ಕೇಳಿದರೆ ಬಡಿತವನ್ನೇ ಏರಿಸಬೇಕು. ಹಾಗಾಗಿಯೇ ಅಳು, ಭೇದಿಯಾಗಿ ನೀರು ಕಳೆದುಕೊಳ್ಳುವುದು, ರಕ್ತಹೀನತೆ, ಸೂಜಿಯ ಭಯ, ಎಲ್ಲವೂ ಬಡಿತದ ವೇಗದಲ್ಲಿ ಕಾಣುತ್ತವೆ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬಡಿತ ಸುಮಾರು ಹತ್ತು ಏರುತ್ತದೆ.

ಇಷ್ಟು ಬರೆಯುವಾಗ ಹೊಳೆಯಿತು, ಇಷ್ಟು ಹೊತ್ತು ವೇಗದ ಬೆನ್ನು ಹತ್ತಿದ್ದೇನೆ. ಕೂಸುಗಳಲ್ಲಿ ಡಾಕ್ಟರುಗಳು ಹೆಚ್ಚು ಹೆದರುವುದು ನಿಧಾನಕ್ಕೆ. ಆಮ್ಲಜನಕ ಸಾಲದಾದರೆ ಹಸುಗೂಸಿನ ಹೃದಯ ಮಂದವಾಗುತ್ತದೆ. ಹೆರಿಗೆ ಕೋಣೆಯಲ್ಲಿ ಶಿಶುವಿನ ಬಡಿತ 100ಕ್ಕಿಂತ ಕೆಳಗಿದ್ದರೆ ಮಾಸ್ಕ್ ಇಟ್ಟು ಉಸಿರು ಕೊಡುತ್ತಾರೆ. ಸರಿಯಾಗಿ ಉಸಿರು ಕೊಟ್ಟ ಮೇಲೂ 60 ದಾಟದಿದ್ದರೆ ಎದೆ ಒತ್ತುತ್ತಾರೆ. ಅಜ್ಜಿ ಬಯಸಿದ 72 ನಿಜಕ್ಕೂ ಬಂದಿದ್ದರೆ ಕ್ಲಿನಿಕ್ಕಿನಲ್ಲಿ ಓಡಾಟವೇ ಶುರುವಾಗುತ್ತಿತ್ತು.

ಲಯದ ವಿಷಯಕ್ಕೆ ಬಂದರೆ, ಶಾಲೆಗೆ ಹೋಗುವ ಮಗುವಿನ ಮಣಿಕಟ್ಟು ಹಿಡಿದು ನೋಡಿ. ಉಸಿರೆಳೆದಾಗ ಚುರುಕು, ಬಿಟ್ಟಾಗ ನಿಧಾನ. ಜರ್ಮನ್ ಶರೀರಶಾಸ್ತ್ರಜ್ಞ ಕಾರ್ಲ್ ಲುಡ್ವಿಗ್ 1847ರಲ್ಲೇ ಗೆರೆಯೆಳೆದು ತೋರಿಸಿದ ಈ ಏರಿಳಿತ ಆರೋಗ್ಯದ್ದೇ, ಮಕ್ಕಳಲ್ಲಿ ಇನ್ನೂ ಎದ್ದು ಕಾಣುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅವಸರದವರ ಲೆಕ್ಕ ತಪ್ಪುವುದು ಇಲ್ಲೇ. ಪೂರ್ತಿ ಒಂದು ನಿಮಿಷ ಎಣಿಸಬೇಕು, ಅದೂ ಮಗು ಅಳದೆ ಇರುವಾಗ.