ಕೊಟ್ಟ ಬೆಲೆಯನ್ನೇ ಕ್ರಯಪತ್ರದಲ್ಲಿ ಬರೆಸಿ

ಬೆಂಗಳೂರಿನಲ್ಲಿ ಮನೆ ಕೊಂಡವರಿಗೆ, ಮಾರಿದವರಿಗೆ, ಮುಂದಿನ ವರ್ಷವಾದರೂ ಕೊಳ್ಳೋಣವೆಂದು ತಿಂಗಳು ತಿಂಗಳು ಹಣ ಕೂಡಿಡುತ್ತಿರುವವರಿಗೆ ಈ ಮನವಿ. ನಮ್ಮ ಊರಿನ ಯಾವ ಬಡಾವಣೆಯಲ್ಲಿ ಯಾವ ಬಗೆಯ ಮನೆಗೆ ನಿಜಕ್ಕೂ ಏನು ಬೆಲೆ ನಡೆಯುತ್ತಿದೆ ಎಂಬುದನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಬಹಿರಂಗವಾಗಿ ಪ್ರಕಟಿಸಬೇಕು. ಹಾಗೆ ಪ್ರಕಟಿಸಿದ್ದು ಸುಳ್ಳಿನ ಕಂತೆಯಾಗಬಾರದೆಂದರೆ ನಾವು ಕ್ರಯಪತ್ರದಲ್ಲಿ ಕೊಟ್ಟ ಬೆಲೆಯನ್ನೇ ಬರೆಸಬೇಕು. ಮೊದಲನೆಯದನ್ನು ಸರ್ಕಾರದಿಂದ ಕೇಳಿ ಪಡೆಯಬೇಕು. ಎರಡನೆಯದಕ್ಕೆ ಯಾರ ಆದೇಶಕ್ಕೂ ಕಾಯಬೇಕಿಲ್ಲ.

ಬೆಲೆ ಎಷ್ಟು ಏರಿದೆ ಎಂದು ಕೇಳಿದರೆ ಈಗ ಎಲ್ಲರ ಬಳಿಯೂ ಒಂದೊಂದು ಉತ್ತರವಿದೆ. ಬ್ರೋಕರ್ ಒಂದು ಹೇಳುತ್ತಾರೆ, ಬಿಲ್ಡರ್ ಇನ್ನೊಂದು, ಭಾನುವಾರದ ಪುರವಣಿ ಮತ್ತೊಂದು. ಆದರೆ ಯಾವ ಮನೆಯ ಬೆಲೆ? ರಾಜಾಜಿನಗರದ 30x40 ಸೈಟಿನಲ್ಲಿರುವ ನಲವತ್ತು ವರ್ಷದ ಮನೆಯೂ, ವೈಟ್‌ಫೀಲ್ಡ್‌ನ ಹದಿನೆಂಟನೆಯ ಮಹಡಿಯ ಫ್ಲಾಟೂ, ಆನೇಕಲ್ ಕಡೆಯ ರೆವಿನ್ಯೂ ಬಡಾವಣೆಯ ಬಿ-ಖಾತಾ ಸೈಟೂ ಒಂದೇ ಊರಿನವು, ಆದರೆ ಒಂದೇ ದಾರಿ ಹಿಡಿದವಲ್ಲ. ರಾಜಾಜಿನಗರದ ಹಳೆಯ ಮನೆಗೆ ಹಣ ಕೊಡುವವರು ನೆಲಕ್ಕೆ ಕೊಡುತ್ತಾರೆ. ಗೋಡೆ, ಸೂರು ಅವರ ಲೆಕ್ಕದಲ್ಲಿ ಕೆಡವುವ ಖರ್ಚು. ಫ್ಲಾಟಿನಲ್ಲಿ ನೆಲದ ಪಾಲು ಬಹಳ ಚಿಕ್ಕದು. 40x60 ಸೈಟಿನಲ್ಲಿ ಎಂಟು ಫ್ಲಾಟುಗಳು ಎದ್ದರೆ ಒಂದೊಂದಕ್ಕೆ ಸಿಗುವ ಅವಿಭಾಜಿತ ನೆಲ 300 ಚದರಡಿ, ಅಷ್ಟೆ. ಕಟ್ಟಡ ಹಳತಾಗುತ್ತಾ ಹೋದಂತೆ ಫ್ಲಾಟಿನ ಬೆಲೆಯಲ್ಲಿ ಒಂದು ಭಾಗ ಕರಗುತ್ತದೆ, ನೆಲದ ಭಾಗ ಏರುತ್ತದೆ. ಕೊನೆಗೆ ಯಾವುದು ಗೆಲ್ಲುತ್ತದೆ ಎಂಬುದು ಬಡಾವಣೆಯಿಂದ ಬಡಾವಣೆಗೆ ಬೇರೆ. ಬಿ-ಖಾತಾ ಸೈಟಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುವುದರಿಂದ ಅಲ್ಲಿ ಕೊಳ್ಳುವವರೇ ಬೇರೆ, ಬೆಲೆಯ ನಡೆಯೂ ಬೇರೆ. ಇವೆಲ್ಲವನ್ನೂ ಒಂದೇ ರಾಶಿಗೆ ಸುರಿದು ‘ಬೆಂಗಳೂರಿನ ಮನೆ ಬೆಲೆ’ ಎಂದು ಒಂದು ಸಂಖ್ಯೆ ತೆಗೆದರೆ ಅದು ಯಾರ ಮನೆಗೂ ಹೊಂದುವುದಿಲ್ಲ.

ಸರಾಸರಿ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಬಡಾವಣೆಯಲ್ಲಿ ಹೋದ ವರ್ಷ ನೂರು ಮನೆ ಮಾರಾಟವಾದವು ಎಂದುಕೊಳ್ಳಿ: 50 ಲಕ್ಷದ ಸಣ್ಣ ಫ್ಲಾಟುಗಳು 80, ಒಂದೂವರೆ ಕೋಟಿಯ ದೊಡ್ಡವು 20. ಸರಾಸರಿ 70 ಲಕ್ಷ. ಈ ವರ್ಷವೂ ನೂರೇ ಮನೆ, ಬೆಲೆಯೂ ಅದೇ, ಆದರೆ ಸಣ್ಣವು 50, ದೊಡ್ಡವು 50. ಸರಾಸರಿ ಒಂದು ಕೋಟಿಗೆ ಜಿಗಿಯಿತು. ಯಾವ ಮನೆಯ ಬೆಲೆಯೂ ಒಂದು ರೂಪಾಯಿ ಏರಿಲ್ಲ, ‘ಶೇ 43ರಷ್ಟು ಏರಿಕೆ’ ಎಂಬ ಸುದ್ದಿ ಮಾತ್ರ ಹುಟ್ಟಿತು. ಆ ಸುದ್ದಿಯನ್ನು ಕೈಯಲ್ಲಿ ಹಿಡಿದೇ ಸಣ್ಣ ಫ್ಲಾಟಿನ ಮಾಲೀಕರು ಹತ್ತು ಲಕ್ಷ ಹೆಚ್ಚಿಗೆ ಕೇಳುತ್ತಾರೆ, ಅವಸರದಲ್ಲಿರುವವರು ಕೊಡುತ್ತಾರೆ. ಆಮೇಲೆ ಏರಿಕೆ ನಿಜವೇ ಆಗಿಬಿಡುತ್ತದೆ. ಮನೆಗಳನ್ನು ಬಗೆಬಗೆಯಾಗಿ ವಿಂಗಡಿಸಿ ಬೆಲೆ ತೋರಿಸಿದ್ದರೆ ಈ ಮೋಸ ಹುಟ್ಟುತ್ತಲೇ ಇರಲಿಲ್ಲ.

ಅಳತೆಗೋಲುಗಳೇ ಇಲ್ಲವೆಂದಲ್ಲ. ರಾಷ್ಟ್ರೀಯ ವಸತಿ ಬ್ಯಾಂಕ್ 2007ರಲ್ಲಿ ರೆಸಿಡೆಕ್ಸ್ ಸೂಚ್ಯಂಕವನ್ನು ಶುರುಮಾಡಿತು. ಈಗ ಅದು 2017-18ನ್ನು ಆಧಾರ ವರ್ಷವಾಗಿಟ್ಟುಕೊಂಡು 50 ನಗರಗಳ ಲೆಕ್ಕ ಕೊಡುತ್ತದೆ, ಮನೆಗಳನ್ನು 60 ಚದರ ಮೀಟರ್‌ವರೆಗಿನವು, 60ರಿಂದ 110ರವರೆಗಿನವು, ಅದಕ್ಕೂ ದೊಡ್ಡವು ಎಂದು ವಿಂಗಡಿಸುತ್ತದೆ. ಒಳ್ಳೆಯ ಕೆಲಸ. ಆದರೆ ಅದರ ಒಂದು ಸರಣಿ ನಿಂತಿರುವುದು ಸಾಲ ಕೊಡುವ ಸಂಸ್ಥೆಗಳು ಮಾಡಿಸುವ ಮೌಲ್ಯಮಾಪನದ ಮೇಲೆ. ಸಾಲ ಸಿಗದ ಸೈಟು, ಸಾಲವಿಲ್ಲದೆ ಕೈಬದಲಾದ ಮನೆ ಆ ಲೆಕ್ಕಕ್ಕೆ ಬರುವುದಿಲ್ಲ. ಗಾತ್ರ ಗೊತ್ತಾಗುತ್ತದೆ, ಸ್ವತಂತ್ರ ಮನೆಯೋ ಫ್ಲಾಟೋ ಎಂಬುದು ಅದರಲ್ಲಿ ಮರೆಯಾಗುತ್ತದೆ. ರಿಸರ್ವ್ ಬ್ಯಾಂಕಿನ ಸೂಚ್ಯಂಕ ಇನ್ನೊಂದು. ಬೆಂಗಳೂರೂ ಸೇರಿ 10 ನಗರಗಳಿದ್ದ ಅದರ ಪಟ್ಟಿ ಈಚೆಗೆ 18ಕ್ಕೆ ಏರಿದೆ. ಅದಕ್ಕೆ ಮೂಲ ನೋಂದಣಿ ಇಲಾಖೆಗಳ ದಾಖಲೆ, ಅಂದರೆ ನೀವು ನಾವು ಉಪನೋಂದಣಾಧಿಕಾರಿಯ ಮುಂದೆ ಸಹಿ ಹಾಕಿ ಬಂದ ಪತ್ರಗಳು. ಆ ಪತ್ರಗಳಲ್ಲಿ ಏನಿದೆ ಎಂಬುದೇ ನನ್ನ ಚಿಂತೆ.

ಯಾವುದಾದರೂ ಆಸ್ತಿಯ ಋಣಭಾರ ಪತ್ರವನ್ನು, ನಾವೆಲ್ಲ ಇಸಿ ಎನ್ನುವುದನ್ನು, ತೆಗೆಸಿ ಮುಂದಿಟ್ಟುಕೊಳ್ಳಿ. ಪ್ರತಿ ವಹಿವಾಟಿಗೂ ಅಲ್ಲಿ ಎರಡು ಮೊತ್ತಗಳಿರುತ್ತವೆ: ಒಂದು ಮಾರುಕಟ್ಟೆ ಮೌಲ್ಯ, ಇನ್ನೊಂದು ಪ್ರತಿಫಲದ ಮೊತ್ತ. ಮೊದಲನೆಯದು ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರದ ಲೆಕ್ಕ, ಎರಡನೆಯದು ಕೊಂಡವರು ಕೊಟ್ಟೆವು ಎಂದು ಬರೆಸಿದ ಹಣ. ನಾನು ನೋಡಿದ ಇಸಿಗಳಲ್ಲಿ ಎಷ್ಟೋ ಕಡೆ ಎರಡೂ ಒಂದೇ, ಇಲ್ಲವೇ ಎರಡನೆಯದು ಮೊದಲನೆಯದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಬೆಲೆ ಕುದುರಿಸಿ ಕೊಳ್ಳುವ ಊರಿನಲ್ಲಿ ಇಬ್ಬರು ಮನುಷ್ಯರು ಮಾತಾಡಿ ಒಪ್ಪಿದ ಮೊತ್ತ ಸರ್ಕಾರಿ ದರಪಟ್ಟಿಗೆ ಇಷ್ಟು ನಿಖರವಾಗಿ ತಾಳೆಯಾಗುವುದು ಆಕಸ್ಮಿಕವಾಗಿರಲಾರದು. ಉಳಿದದ್ದು ನಗದಿನಲ್ಲಿ ಕೈಬದಲಾಗಿದೆ. ‘ಇಷ್ಟು ವೈಟು, ಇಷ್ಟು ಬ್ಲ್ಯಾಕು’ ಎಂಬ ಮಾತು ಮುಂಗಡ ಕೊಡುವ ದಿನವೇ ಬರುತ್ತದೆ, ಯಾರಿಗೂ ಮುಜುಗರವಾಗುವುದಿಲ್ಲ.

ಇದರಿಂದ ಬೆಲೆಯ ಇತಿಹಾಸವೇ ಕೆಡುತ್ತದೆ. ರಾಜ್ಯದಲ್ಲಿ ಮಾರ್ಗಸೂಚಿ ದರ ವ್ಯಾಪಕವಾಗಿ ಪರಿಷ್ಕರಣೆಯಾಗಿದ್ದು 2023ರ ಅಕ್ಟೋಬರ್ 1ರಿಂದ, ಅದೂ ಸುಮಾರು ಐದು ವರ್ಷಗಳ ಬಳಿಕ. ಆ ಐದು ವರ್ಷ ಮಾರ್ಗಸೂಚಿ ದರಕ್ಕೇ ಪತ್ರ ಮಾಡಿಸಿದ ಬೀದಿಯಲ್ಲಿ ದಾಖಲೆಯ ಪ್ರಕಾರ ಬೆಲೆ ಅಲುಗಲೇ ಇಲ್ಲ. ಆಮೇಲೆ ಒಂದೇ ರಾತ್ರಿಗೆ ಮೆಟ್ಟಿಲು ಹತ್ತಿತು. ಆ ಐದು ವರ್ಷದೊಳಗೆ ಬಂದ ಕೋವಿಡ್ಡೂ ಆ ದಾಖಲೆಯಲ್ಲಿಲ್ಲ, ಆಮೇಲೆ ಚೇತರಿಸಿಕೊಂಡ ಮಾರುಕಟ್ಟೆಯೂ ಇಲ್ಲ. ಇಂಥ ಪತ್ರಗಳನ್ನು ಸಾವಿರಗಟ್ಟಲೆ ಕೂಡಿಸಿ ಎಂಥ ಜಾಣ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರೂ ಹೊರಬರುವುದು ಇಲಾಖೆಯ ದರಪಟ್ಟಿಯೇ.

ಕಡಿಮೆ ಬರೆಸಿದರೆ ಖರ್ಚು ಉಳಿಯುತ್ತದಲ್ಲ ಎನ್ನುತ್ತೀರಿ. ಉಳಿಯುತ್ತದೆ, ಎಷ್ಟು ಎಂದು ನೋಡೋಣ. ನಗರದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಶೇ 7.6. ಒಂದು ಕೋಟಿಯ ಮನೆಯನ್ನು 70 ಲಕ್ಷಕ್ಕೆ ಬರೆಸಿದರೆ ಉಳಿಯುವುದು 2 ಲಕ್ಷ 28 ಸಾವಿರ. ಮುಂದೊಂದು ದಿನ ಆ ಮನೆಯನ್ನು ನೀವು ಮಾರುವಾಗ, ಕೊಳ್ಳುವವರು ಬ್ಯಾಂಕ್ ಸಾಲದಿಂದ ಪೂರ್ತಿ ಹಣವನ್ನು ಚೆಕ್ಕಿನಲ್ಲೇ ಕೊಡುತ್ತೇವೆ ಎಂದರೆ, ನೀವು ಮುಚ್ಚಿಟ್ಟ 30 ಲಕ್ಷ ನಿಮ್ಮ ಲಾಭವಾಗಿ ಕಾಣಿಸಿಕೊಳ್ಳುತ್ತದೆ. ಶೇ 12.5ರಂತೆ ಅದಕ್ಕೆ ತೆರಿಗೆ 3 ಲಕ್ಷ 75 ಸಾವಿರ. ಅದನ್ನು ತಪ್ಪಿಸಲು ಮತ್ತೆ ಬ್ಲ್ಯಾಕ್ ಕೊಡುವವರನ್ನೇ ಹುಡುಕಬೇಕು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ನಗದನ್ನು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದಲೇ ನಿಷೇಧಿಸಿದೆ, ಪಡೆದಷ್ಟೇ ಮೊತ್ತದ ದಂಡವನ್ನೂ ಇಟ್ಟಿದೆ. ಸಂಬಳದ ಮೇಲೆ ಬದುಕುವವರ ಪಾಡು ಇನ್ನೂ ಕಷ್ಟ. 75 ಲಕ್ಷ ಮೀರಿದ ಸಾಲದಲ್ಲಿ ಬ್ಯಾಂಕು ಮನೆಯ ಮೌಲ್ಯದ ಶೇ 75ರಷ್ಟೇ ಕೊಡಬಹುದು. ಪತ್ರದ ಬೆಲೆ ಇಳಿದಂತೆ ಸಾಲವೂ ಇಳಿಯುತ್ತದೆ, ನಗದಿಗೆ ಅವರು ಹೆಂಡತಿಯ ಒಡವೆ, ಊರಿನ ಜಮೀನು ನೋಡಬೇಕಾಗುತ್ತದೆ.

ಇದೆಲ್ಲಕ್ಕಿಂತ ನನ್ನನ್ನು ಕಾಡುವ ಸಂಗತಿ ಬೇರೆ, ಅದು ನಗರದ ಅಂಚಿನ ರೈತರದು. 2013ರ ಭೂಸ್ವಾಧೀನ ಕಾಯ್ದೆ ಅನ್ವಯವಾಗುವ ಕಡೆ ಜಮೀನಿನ ಮಾರುಕಟ್ಟೆ ಬೆಲೆಯನ್ನು ಹೇಗೆ ಕಟ್ಟುತ್ತಾರೆ ಗೊತ್ತೆ? ಮುದ್ರಾಂಕ ಕಾಯ್ದೆಯ ದರವನ್ನು ನೋಡುತ್ತಾರೆ. ಸುತ್ತಲಿನ ಅಂಥದೇ ಜಮೀನಿನ ಹಿಂದಿನ ಮೂರು ವರ್ಷದ ನೋಂದಾಯಿತ ಕ್ರಯಪತ್ರಗಳನ್ನು ತೆಗೆದು, ಹೆಚ್ಚು ಬೆಲೆ ಬರೆದಿರುವ ಅರ್ಧದಷ್ಟನ್ನು ಆರಿಸಿ ಸರಾಸರಿಯನ್ನೂ ನೋಡುತ್ತಾರೆ. ಯಾವುದು ಹೆಚ್ಚೋ ಅದನ್ನು ಹಿಡಿದು ಪರಿಹಾರ ಲೆಕ್ಕ ಹಾಕುತ್ತಾರೆ. ಕಾಯ್ದೆ ಬರೆದವರು ರೈತರ ಕಡೆಗೇ ಯೋಚಿಸಿದ್ದಾರೆ. ಆದರೆ ನಗರದಿಂದ ಹೋಗಿ ಅಲ್ಲಿ ಜಮೀನು, ಸೈಟು ಕೊಂಡವರೆಲ್ಲ ಅರ್ಧ ಬೆಲೆಗೆ ಪತ್ರ ಮಾಡಿಸಿಕೊಂಡಿದ್ದರೆ, ಆಮೇಲೆ ರಸ್ತೆಗೋ ಯೋಜನೆಗೋ ನೆಲ ಹೋಗುವ ಪಕ್ಕದ ರೈತರಿಗೆ ಸಿಗುವುದು ಆ ಸುಳ್ಳು ಬೆಲೆಯ ಲೆಕ್ಕದ ಪರಿಹಾರ. ನಾವು ಉಳಿಸಿದ ಶುಲ್ಕವನ್ನು ಕಟ್ಟುವವರು ಅವರು.

ಹಾಗಾಗಿ ಕೊಳ್ಳುವವರಲ್ಲಿ ನನ್ನ ಕೋರಿಕೆ ಇಷ್ಟು. ಟೋಕನ್ ಕೊಡುವ ಮೊದಲೇ ಪೂರ್ತಿ ವೈಟ್ ಎಂದು ಹೇಳಿಬಿಡಿ, ಅಗ್ರಿಮೆಂಟಿನಲ್ಲೂ ಅದೇ ಮೊತ್ತ ಬರೆಸಿ. ಮಾರುವವರಿಗೆ ತೆರಿಗೆಯ ಭಯವಿದ್ದರೆ, ಮನೆ ಮಾರಿ ಬಂದ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು ಅಥವಾ ಮೂರು ವರ್ಷದೊಳಗೆ ಕಟ್ಟಲು ಹಾಕಿದರೆ ಕಾನೂನಿನಲ್ಲೇ ವಿನಾಯಿತಿ ಇದೆ ಎಂಬುದನ್ನು ಅವರಿಗೆ ತಿಳಿಸಿ, ಲೆಕ್ಕಪರಿಶೋಧಕರ ಬಳಿ ಕಳಿಸಿ. ಫ್ಲಾಟಾದರೆ ಷೆಡ್ಯೂಲಿನಲ್ಲಿ ಸೂಪರ್ ಬಿಲ್ಟಪ್ ವಿಸ್ತೀರ್ಣದ ಜೊತೆಗೆ ಕಾರ್ಪೆಟ್ ವಿಸ್ತೀರ್ಣವನ್ನೂ, ಅವಿಭಾಜಿತ ನೆಲದ ಪಾಲನ್ನೂ, ಕಟ್ಟಿದ ವರ್ಷವನ್ನೂ ಬರೆಸಿ. 1,500 ಚದರಡಿ ಎಂದು ಮಾರುವ ಫ್ಲಾಟಿನ ಒಳಗೆ ಕಾಲಿಡಲು ಸಿಗುವುದು 1,050 ಚದರಡಿ ಇರಬಹುದು. ಅಡಿಗೆ 9,000 ಎಂದು ಹೇಳಿದ ಬೆಲೆ ಆಗ ನಿಜದಲ್ಲಿ 12,857. ರೇರಾ ಕಾಯ್ದೆ 2016ರಲ್ಲೇ ಕಾರ್ಪೆಟ್ ವಿಸ್ತೀರ್ಣ ಎಂದರೇನು ಎಂದು ಬಿಡಿಸಿ ಹೇಳಿದೆ, ಮರುಮಾರಾಟದ ಪತ್ರಗಳಲ್ಲಿ ಮಾತ್ರ ಹಳೆಯ ರೂಢಿಯೇ ಮುಂದುವರಿಯುವುದನ್ನು ಕಾಣುತ್ತೇವೆ. ವಿಸ್ತೀರ್ಣ ಸರಿಯಿಲ್ಲದ ಕಡೆ ಬೆಲೆ ಸರಿಯಿದ್ದೂ ಹೋಲಿಕೆ ಸಾಧ್ಯವಿಲ್ಲ.

ಸರ್ಕಾರದಿಂದ ಕೇಳಬೇಕಾದ್ದೂ ದೊಡ್ಡ ಖರ್ಚಿನ ಕೆಲಸವೇನಲ್ಲ. ಕಾವೇರಿ 2.0 ತಂತ್ರಾಂಶ 2023ರಲ್ಲಿ ಬಂದ ಮೇಲೆ ಪ್ರತಿ ನೋಂದಣಿಯೂ ಗಣಕದಲ್ಲಿದೆ, ಈಗ ಇ-ಖಾತಾದ ಜೊತೆ ಬೆಸೆದುಕೊಂಡಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಭೂನೋಂದಣಿ ಇಲಾಖೆ 1995ರಿಂದ ಈಚಿನ ಮನೆ ಮಾರಾಟಗಳ ಬೆಲೆ, ದಿನಾಂಕ, ವಿಳಾಸವನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳುವಂತೆ ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಒಂಟಿ ಮನೆ, ಒಂದು ಗೋಡೆ ಹಂಚಿಕೊಂಡ ಜೋಡಿ ಮನೆ, ಸಾಲುಮನೆ, ಫ್ಲಾಟ್ ಎಂದು ಬಗೆಯನ್ನೂ ನಮೂದಿಸುತ್ತದೆ. ನಮಗೆ ಅಷ್ಟೂ ಬೇಡ. ಹೆಸರು ಬೇಡ, ಮನೆ ನಂಬರ್ ಬೇಡ. ಹೊಸ ಐದು ಪಾಲಿಕೆಗಳ ವಾರ್ಡುವಾರು ಖಾಲಿ ಸೈಟು, ಸ್ವತಂತ್ರ ಮನೆ, ಬಿಲ್ಡರಿಂದ ಕೊಂಡ ಹೊಸ ಫ್ಲಾಟು, ಮರುಮಾರಾಟದ ಫ್ಲಾಟು, ಎ-ಖಾತಾ, ಬಿ-ಖಾತಾ ಎಂದು ಬೇರೆ ಮಾಡಿ, ಪ್ರತಿಯೊಂದರಲ್ಲೂ ಎಷ್ಟು ಮಾರಾಟವಾದವು, ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆ ಎಷ್ಟು ಎಂಬುದನ್ನು ಕೊಟ್ಟರೆ ಸಾಕು. ಅದೇ ಆಸ್ತಿ ಎರಡನೆಯ ಸಲ ಮಾರಾಟವಾದಾಗ ಹಿಂದಿನ ಬೆಲೆಗೂ ಈಗಿನದಕ್ಕೂ ಇರುವ ಅಂತರವನ್ನು ಲೆಕ್ಕ ಹಾಕಿದರೆ ಇನ್ನೂ ಒಳ್ಳೆಯದು, ಆಗ ಬೇರೆ ಬೇರೆ ಮನೆಗಳನ್ನು ಹೋಲಿಸುವ ಗೊಂದಲವೇ ಇರುವುದಿಲ್ಲ. ಖಾಸಗಿತನದ ನೆಪ ಇಲ್ಲಿ ನಿಲ್ಲದು. ಇಸಿಯಲ್ಲಿ ಹೆಸರು ಸಮೇತ ಬೆಲೆ ಈಗಲೂ ಸಿಗುತ್ತಿದೆ, ಒಂದೊಂದು ಆಸ್ತಿಗೆ ಒಂದೊಂದು ಸಲ ಶುಲ್ಕ ಕಟ್ಟಿದವರಿಗೆ.

ಬಡಾವಣೆಯ ಸಂಘಗಳು, ಅಪಾರ್ಟ್‌ಮೆಂಟ್ ಸಂಘಗಳು ಇದನ್ನು ಕೈಗೆತ್ತಿಕೊಂಡರೆ ಬೇಗ ಆಗುತ್ತದೆ. ಮಾರ್ಗಸೂಚಿ ದರದ ಕರಡು ಹೊರಬಿದ್ದಾಗ ಆಕ್ಷೇಪಣೆಗೆ ಕೆಲವೇ ದಿನ ಕೊಡುತ್ತಾರೆ. ಆ ಹೊತ್ತಿಗೆ ನಿಮ್ಮ ಬೀದಿಯಲ್ಲಿ ಪೂರ್ತಿ ಬೆಲೆಗೆ ಆದ ನಾಲ್ಕು ಕ್ರಯಪತ್ರಗಳ ಪ್ರತಿ ಕೈಯಲ್ಲಿದ್ದರೆ ಬರಿಯ ಗೊಣಗಾಟದ ಬದಲು ಪುರಾವೆ ಕೊಡಬಹುದು. ಅಲ್ಲಿಯವರೆಗೆ ಮಾಹಿತಿ ಹಕ್ಕಿನ ದಾರಿ ಇದೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೀಗೆ ಬರೆಯಿರಿ: ‘ನಮ್ಮ ಉಪನೋಂದಣಿ ಕಚೇರಿಯ ವ್ಯಾಪ್ತಿಯಲ್ಲಿ ಕಳೆದ ಆರ್ಥಿಕ ವರ್ಷದ ಪ್ರತಿ ತ್ರೈಮಾಸಿಕದಲ್ಲಿ ನೋಂದಣಿಯಾದ ಕ್ರಯಪತ್ರಗಳ ಸಂಖ್ಯೆ, ಪ್ರತಿಫಲದ ಒಟ್ಟು ಮೊತ್ತ ಮತ್ತು ಮಾರ್ಗಸೂಚಿ ಮೌಲ್ಯದ ಒಟ್ಟು ಮೊತ್ತವನ್ನು ನಿವೇಶನ, ಸ್ವತಂತ್ರ ಮನೆ, ಫ್ಲಾಟ್ ಎಂದು ವಿಂಗಡಿಸಿ ಒದಗಿಸಿ. ಪಕ್ಷಕಾರರ ಹೆಸರು, ವಿಳಾಸ ಬೇಕಿಲ್ಲ.’ ಉತ್ತರ ಬಂದರೆ ಸಂಘದ ಸೂಚನಾ ಫಲಕಕ್ಕೆ ಹಾಕಿ. ಮೂವತ್ತು ದಿನ ಕಳೆದೂ ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಿ.